ತವನಪ್ಪನ ನಾಲ್ಕು ಬೆರಳು

ಐನಾಪುರದ ಕಾಲೇಜಿನ ಹಳೆಯ ಕಲ್ಲು ಕಟ್ಟಡಕ್ಕೆ ಆನೆ ನುಗ್ಗುವಂಥ ಕಮಾನಿತ್ತು, ಕೆಮ್ಮಿದರೆ ಮೂರು ಸಲ ತಿರುಗಿ ಕೆಮ್ಮುವ ಗುಮ್ಮಟವಿತ್ತು. ಇತಿಹಾಸ ಮಾತ್ರ ಇರಲಿಲ್ಲ. ಕಾಗದಪತ್ರವನ್ನೆಲ್ಲ ಗೆದ್ದಲು ತಿಂದು ತೇಗಿತ್ತು.

"ಕಾಲೇಜಿಗೆ ನೂರು ವರ್ಷ ತುಂಬಿದ ನೆನಪಿನ ಪುಸ್ತಕಕ್ಕ ಕಟ್ಟಡದ ಚರಿತ್ರೆ ಬೇಕ್ರಿ. ಸಂಶೋಧನೆ ಚಲೋ ಇದ್ರ ಸಂಸ್ಥಾದ ಅಧ್ಯಕ್ಷರು ನಿಮ್ಮ ನೌಕರಿ ಕಾಯಂ ಮಾಡ್ತಾರ," ಎಂದಿದ್ದರು ಪ್ರಿನ್ಸಿಪಾಲ್ ಶೈಲಾ ಮೇಡಮ್.

ಹನ್ನೊಂದು ವರ್ಷದಿಂದ ಹಂಗಾಮಿಯಾಗಿಯೇ ಉಳಿದಿದ್ದ ಇತಿಹಾಸದ ಮಾಸ್ತರ ದುಂಡೇಶ ಮೂರು ತಿಂಗಳು ಹುಡುಕಿದ. ಏನೂ ಸಿಗದೆ, ಕೊನೆಗೆ ಆ ಕಟ್ಟಡ ಕಟ್ಟಿದ ಒಬ್ಬ ಗೌಂಡಿಯನ್ನು ತಾನೇ ಕಾಗದದ ಮೇಲೆ ಹುಟ್ಟಿಸಿಬಿಟ್ಟ. ಹೆಸರು ತವನಪ್ಪ. ಕಮಾನಿನ ನಡುಗಲ್ಲು ಕೂಡಿಸುವಾಗ ಅವನ ಕಿರುಬೆರಳು ಜಜ್ಜಿಹೋಯಿತು. ಕೆಲಸ ಮುಗಿದ ದಿನ ಗುಮ್ಮಟ ಹತ್ತಿದವನು ಕೆಳಗೆ ಇಳಿಯಲೇ ಇಲ್ಲ. ಬರೆದು ಮುಗಿಸುವಷ್ಟರಲ್ಲಿ ದುಂಡೇಶನ ಕಣ್ಣೇ ಒದ್ದೆಯಾಗಿತ್ತು.

ಅಧ್ಯಕ್ಷರು ಬರುವ ದಿನ, ಬರೆಹವನ್ನು ಝೆರಾಕ್ಸ್ ಮಾಡಿಸಿಕೊಂಡು ಬಂದ ಸಿಪಾಯಿ ಗಂಗಾರಾಮ ತಲೆದೂಗಿದ. "ಖರೇ ಬರದೀರಿ ಸರ್. ನಮ್ಮ ಅಜ್ಜನ ಅಪ್ಪ ಇವನ ಕೈಕೆಳಗ ಕಲ್ಲು ಹೊತ್ತಾನ."

"ಯಾರ ಕೈಕೆಳಗೋ?"

"ತವನಪ್ಪನ ಕೈಕೆಳಗರಿ. ಬೆರಳು ಹೋಗಿದ್ದು ಎಡಗೈದು. ಅದನ್ನ ಬರಿಯೂದು ಬಿಟ್ಟೀರಿ ನೋಡ್ರಿ."

ದುಂಡೇಶ ನಕ್ಕ. ಗಂಗಾರಾಮ ನಗಲಿಲ್ಲ. ಚಹಾ ತಂದ ಶೇವಂತಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಮ್ಮ ಅತ್ತಿಯ ಅತ್ತಿ ಅವಗ ದಿನಾ ಭಕ್ರಿ ಕೊಡ್ತಿದ್ಳಂತ್ರಿ. ಪಾಪ, ಮ್ಯಾಲ ಹೋದಾಂವ ಬರಲೇ ಇಲ್ಲ."

ಮಧ್ಯಾಹ್ನ ಬಣ್ಣದವರು ಕಮಾನಿನ ಕೆಳಗೆ ಹಳೆಯ ಸುಣ್ಣ ಕೆರೆದರು. ಒಳಗಿನ ಗಾರೆಯಲ್ಲಿ ಒಂದು ಅಂಗೈ ಅಚ್ಚೊತ್ತಿತ್ತು. ಎಡಗೈ. ಕಿರುಬೆರಳಿರಲಿಲ್ಲ. ದುಂಡೇಶ ತನ್ನ ಬರೆಹ ತೆಗೆದು ಬೆರಳಿನ ಸಾಲನ್ನು ಮತ್ತೊಮ್ಮೆ ಓದಿದ.

ಮೂರಕ್ಕೆ ಬಂದ ಅಧ್ಯಕ್ಷ ಆಬಾಸಾಹೇಬರು ಬರೆಹ ಓದಿದರು, ಅಚ್ಚು ನೋಡಿದರು, ಕನ್ನಡಕ ತೆಗೆದರು. "ಮಾಸ್ತರ, ಇದು ಊರಿಗೆಲ್ಲ ಗೊತ್ತಿದ್ದ ಕತಿ. ನಮ್ಮ ಅಜ್ಜಿ ಇದನ್ನ ಹೇಳಿ ನನ್ನ ಮಲಗಸ್ತಿದ್ಳು. ಇದರಾಗ ನಿಮ್ಮ ಸಂಶೋಧನೆ ಏನೈತಿ?"

"ಸಾಹೇಬ್ರ, ಇದನ್ನ ನಾನ..." ಎಂದ ದುಂಡೇಶ ಅಲ್ಲಿಗೇ ನಿಂತ. ಹುಟ್ಟಿಸಿದ್ದೆಂದರೆ ಸುಳ್ಳುಗಾರ, ಸುಮ್ಮನಿದ್ದರೆ ನಕಲುಗಾರ. ಹೇಗೂ ನೌಕರಿಯಿಲ್ಲ.

"ಮುಂದಿನ ವರ್ಷ ನೋಡೂಣು. ಏನರ ಹೊಸಾದು ಬರೀರಿ."

ಎಲ್ಲರೂ ಹೋದರು. ದುಂಡೇಶ ಒಬ್ಬನೇ ಕಮಾನಿನ ಕೆಳಗೆ ನಿಂತು ಸಿಟ್ಟಿನಿಂದ ಕೂಗಿದ. "ಲೇ ತವನಪ್ಪ! ನಿನ್ನ ಹುಟ್ಟಿಸಿದಾಂವ ನಾನು. ನೀನರ ಒಂದ್ ಮಾತು ಹೇಳಬಾರದೇನು?"

ಗುಮ್ಮಟ ಅದನ್ನು ಮೂರು ಸಲ ತಿರುಗಿ ಹೇಳಬೇಕಿತ್ತು. ಒಂದು ಸಲವೂ ಹೇಳಲಿಲ್ಲ. ದುಂಡೇಶ ಓಡಿದಂತೆಯೇ ನಡೆದ.

ಗೇಟಿನಲ್ಲಿ ಗಂಗಾರಾಮ ತಡೆದ. "ಕಾಯಂ ಆತೇನ್ರಿ ಸರ್? ಯಾರೋ ಬೆನ್ನ ಚಪ್ಪರಿಸಿ ಶಾಬಾಸಕಿ ಕೊಟ್ಟಾರಲ್ಲ!"

ಅಂಗಿಯ ಬೆನ್ನ ಮೇಲೆ ಹಸಿ ಸುಣ್ಣದ ಅಂಗೈ ಮೂಡಿತ್ತು. ಒರೆಸಲು ಕೈ ಎತ್ತಿದ ಗಂಗಾರಾಮ ಬೆರಳು ಎಣಿಸಿದ. ನಾಲ್ಕಕ್ಕೆ ನಿಂತು, ಮೆಲ್ಲಗೆ ಕೈ ಇಳಿಸಿದ.