ಲಾರಿಗೆ ಹಸಿರು ನಿಶಾನೆ

ನನಗೆ ಕುಡಿಯುವ ಚಟವಿಲ್ಲ, ಇಸ್ಪೀಟಿನ ಚಟವಿಲ್ಲ. ಇರುವುದು ಮೈಕಿನ ಚಟ. ಅರಸೀಕೆರೆಯಲ್ಲಿ ಯಾವ ಸಮಾರಂಭವಾದರೂ ನಿರೂಪಣೆಗೆ ನನ್ನನ್ನೇ ಕರೆಯುತ್ತಾರೆ. ಕರೆಯದಿದ್ದರೆ ಆ ದಾರಿಯಲ್ಲೇ ಎರಡು ಸಲ ಓಡಾಡಿ ಕರೆಯುವಂತೆ ಮಾಡಿಕೊಳ್ಳುತ್ತೇನೆ. ಹೈಸ್ಕೂಲಿನ ಕನ್ನಡ ಮೇಷ್ಟ್ರಿಗೆ ಇಷ್ಟೂ ಇಲ್ಲದಿದ್ದರೆ ಹೇಗೆ? ನಮ್ಮೂರಿನ ಪದ್ಧತಿಯೂ ಇದಕ್ಕೆ ಅನುಕೂಲವಾಗಿದೆ. ಬೋರ್‌ವೆಲ್ ಕೊರೆಸಿದರೆ ಸಭೆ. ನೀರು ಬಾರದಿದ್ದರೂ ಸಭೆಯಂತೂ ಆಗಿಹೋಗಿರುತ್ತದೆ. ಹಾರ, ಶಾಲು, ಪ್ರಾಸ್ತಾವಿಕ ನುಡಿ, ವಂದನಾರ್ಪಣೆ ಇಲ್ಲದೆ ಒಂದು ಒಳ್ಳೆಯ ಕೆಲಸವೂ ನಮ್ಮಲ್ಲಿ ಹೊಸಿಲು ದಾಟುವುದಿಲ್ಲ.

ನಮ್ಮ ಪಕ್ಕದ ಮನೆಯ ಕಾಂಜಿಭಾಯಿ ಮರ ಕೊಯ್ಯುವ ಮಿಲ್ಲಿನವರು. ಅವರ ತಾತ ಗುಜರಾತಿನ ಕಛ್‌ನಿಂದ ಬಂದು ಬಾಣಾವರದ ಸ್ಟೇಷನ್ ಹತ್ತಿರ ಮಿಲ್ಲು ಹಾಕಿದರಂತೆ. ಕಾಂಜಿಭಾಯಿ ಹುಟ್ಟಿದ್ದು, ಓದಿದ್ದು, ಜಗಳವಾಡಿದ್ದು ಎಲ್ಲ ಇಲ್ಲೇ. ನಾನು ಮೈಕಿನ ಮುಂದೆ ಆಡುವ ಕನ್ನಡಕ್ಕಿಂತ ಅವರು ಗಂಡಸಿ ಕಡೆಯ ರೈತರೊಡನೆ ತೊಲೆ ವ್ಯಾಪಾರಕ್ಕೆ ಆಡುವ ಕನ್ನಡ ಎಷ್ಟೋ ರುಚಿಯಾಗಿರುತ್ತಿತ್ತು. ಅವರ ಅಕ್ಕ ರತನಬಾಯಿ ಬಾಣಾವರದ ಕನ್ನಡ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಓದಿ, ಕಛ್‌ನ ಒಂದು ಹಳ್ಳಿಗೆ ಸೊಸೆಯಾಗಿ ಹೋದವಳು. ಗಂಡ ತೀರಿಕೊಂಡ ಮೇಲೂ ಅತ್ತೆಯೊಡನೆ ಅಲ್ಲೇ ಇದ್ದಳು.

ಎರಡು ಸಾವಿರದ ಒಂದರ ಗಣರಾಜ್ಯೋತ್ಸವದ ಬೆಳಿಗ್ಗೆ ನಾನು ಶಾಲೆಯ ಮೈಕಿನಲ್ಲಿ ಗರ್ಜಿಸುತ್ತಿದ್ದಾಗ ಕಛ್‌ನಲ್ಲಿ ಭೂಮಿ ನಡುಗಿತು. ಸಂಜೆ ಟೀವಿಯಲ್ಲಿ ನೋಡಿ, ಬೇಲಿಯ ಆಚೆ ನಿಂತಿದ್ದ ಕಾಂಜಿಭಾಯಿಗೆ, "ಪಾಪ, ನಿಮ್ಮೂರಿಗೆ ಹೀಗಾಗಬಾರದಿತ್ತು" ಎಂದೆ. "ನಮ್ಮೂರು ಇದಲ್ವಾ ಮೇಷ್ಟ್ರೇ? ಅದು ನಮ್ಮಕ್ಕನ ಊರು" ಎಂದರು. ಪಕ್ಕದಲ್ಲಿ ಬಾಳಿದವರನ್ನು ಒಂದು ಮಾತಿನಲ್ಲಿ ಹೊರಗಿನವರನ್ನಾಗಿ ಮಾಡಿದ್ದೆ.

ಎರಡು ದಿನದ ಮೇಲೆ ಹುಬ್ಬಳ್ಳಿಯ ಅವರ ನೆಂಟರಿಂದ ಸುದ್ದಿ ಬಂತು. ಮನೆ ಬಿದ್ದಿದೆ, ಅಕ್ಕನೂ ಅವಳ ಮುದುಕಿ ಅತ್ತೆಯೂ ಬದುಕಿದ್ದಾರೆ, ಬಯಲಲ್ಲಿ ಮಲಗುತ್ತಿದ್ದಾರೆ, ಚಳಿ ತಡೆಯಲಾಗುತ್ತಿಲ್ಲ. "ಬರಿಗೈಯಲ್ಲಿ ಹೋಗಿ ಏನ್ ಮಾಡ್ಲಿ? ಒಂದು ಲಾರಿ ತುಂಬಿಸಿಕೊಂಡೇ ಹೋಗ್ತೀನಿ" ಎಂದು ಕಾಂಜಿಭಾಯಿ ಸಾಮಾನು ಕೂಡಿಸಲು ಹೊರಟರು. ಅರಸೀಕೆರೆ, ಬೇಲೂರು, ಹಳೇಬೀಡಿನಲ್ಲಿದ್ದ ಅವರ ನಾಲ್ಕಾರು ಕಛ್ಛೀ ಮನೆಗಳವರು ಬೀದಿಗಿಳಿದರು. ಒಂದು ಸಮಿತಿಯೂ ಆಯಿತು. ನಾನೇ ಕಾರ್ಯದರ್ಶಿಯಾದೆ, ಯಾರೂ ಕೇಳಿರಲಿಲ್ಲ. ಜನ ಕೊಟ್ಟರು ಎನ್ನಬೇಕು. ಗಂಡಸಿಯವರು ಕಂಬಳಿ ಕೊಟ್ಟರು, ಬಸ್ತಿಹಳ್ಳಿಯವರು ಟಾರ್ಪಾಲು. ಪೇಟೆಯ ನಾವು ಮಾತ್ರ ಬೀರು ಖಾಲಿ ಮಾಡಿಕೊಂಡೆವು. ನಾನು ನನ್ನ ಹಳೆಯ ಸಫಾರಿ ಸೂಟನ್ನು ಗಂಟು ಕಟ್ಟುವಾಗ ಹೆಂಡತಿ ಬಂದು ಅದನ್ನು ಬಿಡಿಸಿ ತೆಗೆದಳು. "ಮನೆ ಬಿದ್ದೋರಿಗೂ ಮಾನ ಅನ್ನೋದು ಇರುತ್ತೆ ಕಣ್ರೀ" ಎಂದು ಬೀರುವಿನಲ್ಲಿದ್ದ ಹೊಸ ರಗ್ಗನ್ನು ಕೊಟ್ಟು ಬಂದಳು.

ಸೋಮವಾರ ಸಂಜೆಗೆ ಲಾರಿ ತುಂಬಿತು. ಡ್ರೈವರ್ ಡೀಸೆಲ್ ಹಾಕಿಸಿಕೊಂಡು ಬಂದ. ಆಗ ನಾನು ಬಾಯಿ ತೆಗೆದೆ. ಹೀಗೆ ಸುಮ್ಮನೆ ಕಳಿಸುವುದುಂಟೇ? ಬೆಂಗಳೂರಿನ ದೊಡ್ಡ ಮನುಷ್ಯರೊಬ್ಬರಿಂದ ಹಸಿರು ನಿಶಾನೆ ಕೊಡಿಸಿದರೆ ಜಿಲ್ಲೆಗೆಲ್ಲ ಗೊತ್ತಾಗುತ್ತದೆ, ಇನ್ನೂ ಎರಡು ಲಾರಿ ತುಂಬುತ್ತದೆ. ಸಮಿತಿಯವರೆಲ್ಲ ತಲೆಯಾಡಿಸಿದರು. ಕಾಂಜಿಭಾಯಿ ಮಾತ್ರ, "ಚಳಿ ಐತೆ ಮೇಷ್ಟ್ರೇ ಅಲ್ಲಿ" ಎಂದರು. ಒಂದೇ ದಿನ ಎಂದೆ ನಾನು. ಎಲ್ಲರ ಬಳಿ ಬೇಡಿ ತುಂಬಿಸಿದ ಲಾರಿಯನ್ನು ಎಲ್ಲರ ಮಾತು ಮೀರಿ ಹೇಗೆ ಹೊರಡಿಸುವುದು ಎಂದು ಅವರು ಒಪ್ಪಿಕೊಂಡರು.

ದೊಡ್ಡ ಮನುಷ್ಯರಿಗೆ ಮಂಗಳವಾರ ಬಿಡುವಾಗಲಿಲ್ಲ, ಬುಧವಾರವೂ ಆಗಲಿಲ್ಲ. ಲಾರಿ ಮಾವಿನ ಸೊಪ್ಪು ಕಟ್ಟಿಸಿಕೊಂಡು ಸಂತೆ ಮೈದಾನದಲ್ಲಿ ನಿಂತೇ ಇತ್ತು. ಕಾಂಜಿಭಾಯಿ ಬೆಳಿಗ್ಗೆ ಸಂಜೆ ಬಂದು ಅದನ್ನು ಒಂದು ಸುತ್ತು ಹಾಕಿ ಹೋಗುತ್ತಿದ್ದರು. ಗುರುವಾರ ಮಧ್ಯಾಹ್ನ ಆ ಮಹಾನುಭಾವರು ಬಂದು, ಕಛ್‌ನಲ್ಲಿ ಬೀಸಿದ ಚಂಡಮಾರುತಕ್ಕಾಗಿ ಅರ್ಧ ಗಂಟೆ ಮರುಗಿದರು. ಚಂಡಮಾರುತವಲ್ಲ, ಭೂಕಂಪ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ವಂದನಾರ್ಪಣೆಯಲ್ಲಿ ಶಾಮಿಯಾನದವನ ಹೆಸರನ್ನೂ ಬಿಡಲಿಲ್ಲ ನಾನು. ಸಂಜೆಗೆ ಲಾರಿ ಕಾಂಜಿಭಾಯಿಯನ್ನು ಹತ್ತಿಸಿಕೊಂಡು ಹೊರಟಿತು. ಎರಡನೆಯ ಲಾರಿಗೆ ಒಂದು ಟವೆಲ್ಲೂ ಬರಲಿಲ್ಲ.

ಮೂರು ವಾರದ ಮೇಲೆ ಕಾಂಜಿಭಾಯಿ ತಲೆ ಬೋಳಿಸಿಕೊಂಡು ಹಿಂದಿರುಗಿದರು. ಸಮಾರಂಭದ ಫೋಟೋಗಳ ಆಲ್ಬಮ್ ಕಂಕುಳಲ್ಲಿಟ್ಟುಕೊಂಡು ಮಾತಾಡಿಸಲು ಹೋದೆ. ಅಕ್ಕ ಸಿಕ್ಕಿದಳಂತೆ. ಅವಳ ಅತ್ತೆ ಲಾರಿ ಮುಟ್ಟುವ ಹಿಂದಿನ ದಿನ ಬೆಳಗಿನ ಜಾವ ಚಳಿಗೆ ಸೆಟೆದುಕೊಂಡು ಹೋಗಿಬಿಟ್ಟಿದ್ದಳು. ಮೈಮೇಲೆ ಒಂದು ಗೋಣಿಚೀಲ ಇತ್ತಂತೆ. ಮನೆಯಲ್ಲಿ ಗಂಡು ದಿಕ್ಕಿಲ್ಲದೆ ಇವರೇ ತಲೆ ಬೋಳಿಸಿಕೊಂಡು ಕರ್ಮ ಮಾಡಿದರಂತೆ. ನಾನು ಆಲ್ಬಮ್ಮನ್ನು ಕಂಕುಳಲ್ಲಿ ಇನ್ನಷ್ಟು ಒಳಕ್ಕೆ ಒತ್ತಿಕೊಂಡೆ.

"ಅಕ್ಕ ಕನ್ನಡದಲ್ಲೇ ಕೇಳಿದ್ಲು ಮೇಷ್ಟ್ರೇ, ಯಾಕೋ ಇಷ್ಟು ತಡ ಮಾಡ್ದೆ ಅಂತ" ಎಂದರು ಕಾಂಜಿಭಾಯಿ. "ದಾರೀಲಿ ಲಾರಿ ಕೆಟ್ಟೋಗಿತ್ತು ಅಂದೆ. ಇನ್ನೇನ್ ಹೇಳ್ಲಿ? ನಮ್ಮೂರಿನ ಮರ್ಯಾದೆ ತೆಗೆಯೋಕಾಗುತ್ತಾ?"

ಬೈದಿದ್ದರೆ ಮನೆಗೆ ಹೋಗಿ ಊಟ ಮಾಡಬಹುದಿತ್ತು. ಅವರು ಬೈಯಲಿಲ್ಲ. ನನ್ನ ಕಂಕುಳ ಕಡೆ ನೋಡಿ, "ಅದೇನು, ಆವತ್ತಿನ ಫೋಟೋನಾ? ಒಂದು ಕೊಡಿ, ಅಕ್ಕನಿಗೆ ಕಳಿಸ್ತೀನಿ. ಊರು ನೋಡ್ಬೇಕು ಅಂತಿದ್ಲು" ಎಂದರು.

ಒಂದೊಂದು ಫೋಟೋದಲ್ಲೂ ಲಾರಿ ಸುಸ್ಥಿತಿಯಲ್ಲಿ ನಿಂತಿತ್ತು. ಹಿಂದಿನ ಬ್ಯಾನರಿನಲ್ಲಿ ತಾರೀಖು, ವಾರ, ವೇಳೆ ಎಲ್ಲ ನನ್ನದೇ ದಪ್ಪ ಅಕ್ಷರಗಳಲ್ಲಿ. ಬಾಣಾವರದ ಶಾಲೆಯಲ್ಲಿ ಏಳು ಕ್ಲಾಸು ಓದಿದವಳಿಗೆ ಅದನ್ನು ಓದಲು ಬರುವುದಿಲ್ಲವೇ?

"ಫೋಟೋ ಒಂದೂ ಸರಿಯಾಗಿ ಬಂದಿಲ್ಲ" ಎಂದು ಎದ್ದು ಬಂದೆ. ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿ ಬಂದಿದ್ದವು. ಅದರಲ್ಲೂ ನಾನು.