ನನ್ನನ್ನು ರ‍್ಯಾಂಪ್ ಎಂದು ದಾಖಲಿಸುವ ಬಗ್ಗೆ

ಇಂದ:
ದಾಕ್ಷಾಯಿಣಿ, ವಯಸ್ಸು 21, ಎಂಟನೇ ತರಗತಿಗೆ ಶಾಲೆ ಬಿಟ್ಟವಳು,
ಸುಲೋಚನಮ್ಮನವರ ಬಾಡಿಗೆ ಮನೆ, ಚಳ್ಳಕೆರೆ.

ಗೆ:
ಮಾನ್ಯ ಅಧಿಕಾರಿಗಳು,
ವಿಶೇಷಚೇತನರ ಬಾಡಿಗೆ ಮನೆ ಸುಗಮಗೊಳಿಸುವ ನಿಧಿ.

ವಿಷಯ: ನನ್ನನ್ನು ಸದರಿ ಮನೆಯ ರ‍್ಯಾಂಪಿನ ಉಳಿದ ಭಾಗವೆಂದು ದಾಖಲಿಸುವ ಬಗ್ಗೆ.

ಉಲ್ಲೇಖ:
1. ತಮ್ಮ ಪರಿಶೀಲನಾ ವರದಿ: "ಫಲಾನುಭವಿಯು ಅನ್ಯರ ನೆರವಿಲ್ಲದೆ ಮನೆಯೊಳಗೆ ಹೋಗಿ ಬರುತ್ತಿದ್ದಾರೆ."
2. ಆ ಅನ್ಯರು ನಾನೇ.

ಮಾನ್ಯರೇ,

ಎದುರು ನಿಂತು ಮಾತಾಡಲು ನನಗೆ ಬಾಯಿ ಬರುವುದಿಲ್ಲ. ಕಳೆದ ವಾರ ತಮ್ಮ ಕಚೇರಿಯ ಕಿಟಕಿಯ ಮುಂದೆ ಬಹಳ ಹೊತ್ತು ನಿಂತು, "ಏನಮ್ಮ?" ಎಂದು ಕೇಳಿದಾಗ "ಏನಿಲ್ಲ ಸಾರ್" ಎಂದು ಹೇಳಿ ವಾಪಸ್ ಬಂದವಳು ನಾನು. ಆದಕಾರಣ ಬರೆದು ಕೊಡುತ್ತಿದ್ದೇನೆ.

1. ನನ್ನ ಅಕ್ಕ ಪುಷ್ಪಾಳ ಕಾಲಲ್ಲಿ ಬಲವಿಲ್ಲ. ಗಾಲಿಕುರ್ಚಿಯಲ್ಲಿ ಪೇಟೆಗೆ ಹೋಗಿ, ಅಂಗಡಿಗಳಿಂದ ಸೀರೆ ತಂದು ಕುಚ್ಚು ಕಟ್ಟುತ್ತಾಳೆ. ರಸ್ತೆಯಲ್ಲಿ ಅವಳಿಗೆ ಯಾರ ನೆರವೂ ಬೇಡ; ಲಾರಿಯವರೇ ಅವಳಿಗೆ ಹೆದರುತ್ತಾರೆ. ಮನೆಯಲ್ಲಿ ನಾವಿಬ್ಬರೇ.

2. ಹನ್ನೊಂದು ಮನೆಯವರು "ಖಾಲಿ ಇಲ್ಲ" ಎಂದ ಮೇಲೆ ಸುಲೋಚನಮ್ಮನವರು ಮನೆ ಕೊಟ್ಟರು. ಕಾರಣ, ತಮ್ಮ ನಿಧಿಯಿಂದ ಮನೆಗೆ ರ‍್ಯಾಂಪ್, ಹೊಸ ಬಚ್ಚಲು ಬರುವುದಿತ್ತು. ಬಂದವು.

3. ಗಾರೆ ಕೆಲಸದ ಅಜ್ಜಪ್ಪ ರ‍್ಯಾಂಪನ್ನು ಬಾಗಿಲವರೆಗೆ ತಂದು ನಿಲ್ಲಿಸಿದರು. ಬಾಗಿಲಲ್ಲಿ ಆರು ಇಂಚಿನ ಹೊಸ್ತಿಲಿದೆ. ಅದನ್ನು ಇಳಿಸಲು ಕೇಳಿದ್ದಕ್ಕೆ ಸುಲೋಚನಮ್ಮನವರು, "ಹೊಸ್ತಿಲು ಕಡಿಯೋದಾ? ಲಕ್ಷ್ಮಿ ಆಚೆ ಹೋಗ್ದಂಗೆ ತಡೆಯೋದೇ ಅದು ಕಣೇ!" ಎಂದರು. ಅಕ್ಕ, "ಹಂಗಾದ್ರೆ ಲಕ್ಷ್ಮೀನೂ ಗಾಲಿಕುರ್ಚಿಯಾಗೇ ಓಡಾಡ್ತಾಳೇನ್ರಿ?" ಎಂದು ಕೇಳಿದಳು.

4. ಹೊಸ್ತಿಲ ಮೇಲೆ ಹಲಗೆ ಇಟ್ಟೆವು. ಹಲಗೆ ತುಳಿದರೂ ಹೊಸ್ತಿಲು ತುಳಿದಂತೆಯೇ. ಆದ್ದರಿಂದ ಅದು ಮರುದಿನ ಪಕ್ಕದಲ್ಲೇ ಇರುವ ಸುಲೋಚನಮ್ಮನವರ ನೀರೊಲೆಗೆ ಹೋಯಿತು. ಆ ನೀರಿನಲ್ಲಿ ತಲೆಗೆ ಸ್ನಾನ ಮಾಡಿ ಬಂದು ಅವರು ನಮ್ಮ ಹೊಸ್ತಿಲಿಗೆ ಅರಿಶಿನ ಹಚ್ಚಿದರು.

5. ಪ್ರಸ್ತುತ ರ‍್ಯಾಂಪ್ ಸಂಪೂರ್ಣ ಬಳಕೆಯಲ್ಲಿದೆ. ಅದರ ಮೇಲೆ ಸಂಡಿಗೆ ಒಣಗುತ್ತಿದೆ. ಇಳಿಜಾರಾದ್ದರಿಂದ ಬಿಸಿಲು ಚೆನ್ನಾಗಿ ಬೀಳುತ್ತದೆಂದು ಅಕ್ಕಪಕ್ಕದವರೂ ತರುತ್ತಿದ್ದಾರೆ.

6. ಪರಿಶೀಲನೆಗೆ ಬಂದ ಸಿದ್ದಲಿಂಗೇಶ್ ಸಾಹೇಬರು ಅಕ್ಕನ ಫೋಟೊವನ್ನು ರ‍್ಯಾಂಪಿನ ಕೆಳಗೊಮ್ಮೆ, ಮನೆಯೊಳಗೊಮ್ಮೆ ತೆಗೆದರು. ಈ ಎರಡರ ನಡುವೆ ನಾನು ಅಕ್ಕನನ್ನು ಎತ್ತಿ ಒಳಗೆ ಕೂರಿಸಿ, ಮತ್ತೆ ಬಂದು ಕುರ್ಚಿ ಎತ್ತಿದೆ. ಅದರ ಫೋಟೊ ಇಲ್ಲ. "ಒಂಚೂರು ಆಚೆ ನಿಂತ್ಕಳಮ್ಮ, ರ‍್ಯಾಂಪ್ ಕಾಣ್ಬೇಕು" ಎಂದರು. ನಿಂತುಕೊಂಡೆ. ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. ಸಾಹೇಬರು ಕಾಫಿಗೆ ಒಳಗೆ ಬರುವಾಗ ಹೊಸ್ತಿಲು ತುಳಿಯದಂತೆ ಕಾಲೆತ್ತಿ ದಾಟಿದ್ದನ್ನು ಮಾತ್ರ ನೋಡಿದೆ.

7. ಸದರಿ ಹೊಸ್ತಿಲನ್ನು ಅಕ್ಕ ದಿನಕ್ಕೆ ನಾಲ್ಕು ಸಲ ನನ್ನ ತೋಳಿನ ಮೇಲೆ ದಾಟುತ್ತಾಳೆ. ತಮ್ಮ ವರದಿ ನಿಜವಾಗಬೇಕಾದರೆ ನಾನು ಮನುಷ್ಯಳಾಗಿರಬಾರದು, ರ‍್ಯಾಂಪ್ ಆಗಿರಬೇಕು. ನನ್ನ ಅಭ್ಯಂತರವಿಲ್ಲ.

8. ಆದರೆ ಮೊಳಕಾಲ್ಮೂರಿನಲ್ಲಿ ನಮ್ಮ ಚಿಕ್ಕಮ್ಮ ರೇಣುಕಮ್ಮನವರ ಮನೆಯಲ್ಲಿ ಒಂದು ಮಗ್ಗ ಖಾಲಿಯಾಗಿದೆ. ರೇಷ್ಮೆ ಸೀರೆ ನೇಯಲು ಕಲಿಸುತ್ತಾರೆ. ಸೋಮವಾರ ಹೋಗದಿದ್ದರೆ ಬೇರೆಯವರನ್ನು ಕೂರಿಸುತ್ತಾರೆ. ನಾನು ಬೇಡವೆಂದೆ. ಅಕ್ಕ ನನ್ನ ಬಟ್ಟೆಗಳನ್ನು ಚೀಲಕ್ಕೆ ತುಂಬಿದಳು.

"ಆಮೇಲೆ ನೀನು ಹೊರಗೆ ಹೆಂಗೆ ಹೋಗ್ತೀಯಾ?" ಎಂದೆ.

"ಲಕ್ಷ್ಮಿ ಆಚೆ ಹೋಗೋ ದಿನ ಅವಳ ಜೊತೆ ಹೋಗ್ತೀನಿ ಬಿಡೇ" ಎಂದಳು.

ಆದ್ದರಿಂದ, ಸೋಮವಾರದೊಳಗೆ ಹೊಸ್ತಿಲು ಇಳಿಸಲು ಆದೇಶಿಸಬೇಕು. ಲಕ್ಷ್ಮಿಯ ಕಾರಣಕ್ಕೆ ಅದು ಸಾಧ್ಯವಾಗದಿದ್ದಲ್ಲಿ ನನ್ನನ್ನು ರ‍್ಯಾಂಪಿನ ಉಳಿದ ಆರು ಇಂಚು ಎಂದು ದಾಖಲಿಸಿ, ನನ್ನ ಜಾಗಕ್ಕೆ ಇನ್ನೊಂದನ್ನು ಮಂಜೂರು ಮಾಡಬೇಕು. ಅದಕ್ಕೆ ಐವತ್ತೆರಡು ಕೆ.ಜಿ. ಎತ್ತಲು ಬರಬೇಕು, ಅಕ್ಕನ ಮಾತು ತಡೆದುಕೊಳ್ಳಲು ಬರಬೇಕು. ಫೋಟೊದಲ್ಲಿ ಕಾಣಿಸದೆ ಇರಲು ಬಂದರೆ ಆದ್ಯತೆ ಕೊಡಬಹುದು.

ತಮ್ಮ ವಿಶ್ವಾಸಿ ಹಾಗೂ ಕೊನೆಯ ಆರು ಇಂಚು,
ದಾಕ್ಷಾಯಿಣಿ

ಲಗತ್ತುಗಳು:
1. ತಾವು ತೆಗೆದ ಎರಡು ಫೋಟೊಗಳ ಪ್ರತಿ. ಎರಡನೆಯದರ ಅಂಚಿನಲ್ಲಿರುವ ಮೊಣಕೈ ನನ್ನದು.
2. ಸಂಡಿಗೆ, ಒಂದು ಪೊಟ್ಟಣ (ರ‍್ಯಾಂಪ್ ಬಳಕೆಯ ಪುರಾವೆ).

ವಿ.ಸೂ.: ಸೋಮವಾರ ಬೆಳಗ್ಗೆ ಏಳರ ಬಸ್ಸಿಗೆ ರ‍್ಯಾಂಪ್ ಮೊಳಕಾಲ್ಮೂರಿಗೆ ಹೊರಡಲಿದೆ. ಹೊರಡುವ ಮುನ್ನ ಅಕ್ಕನನ್ನು ಇನ್ನೊಂದೇ ಸಲ ಎತ್ತಬಹುದು. ಹೊಸ್ತಿಲ ಒಳಗೆ ಕೂರಿಸಿ ಹೋಗಬೇಕೋ, ಹೊರಗೆ ಕೂರಿಸಿ ಹೋಗಬೇಕೋ ಎಂಬುದನ್ನು ದಯಮಾಡಿ ಲಿಖಿತವಾಗಿ ತಿಳಿಸುವುದು.