ಆಕಳಿಕೆಗೊಂದು ಚಿಟಿಕೆ

ತ್ರ್ಯಂಬಕನ ಕಷ್ಟಕ್ಕೆಲ್ಲ ಕಾರಣ ಒಂದು ಆಕಳಿಕೆ. ಆಕಳಿಕೆ ಯಾರಿಗೆ ಬರುವುದಿಲ್ಲ ಹೇಳಿ? ಆದರೆ ಇವನು ಆಕಳಿಸಿದಾಗಲೆಲ್ಲ ಬಾಯಿಯ ಮುಂದೆ ಚಿಟಿಕೆ ಹೊಡೆಯಬೇಕು. ಇಲ್ಲದಿದ್ದರೆ ಆಯುಷ್ಯ ಹೊರಗೆ ಹಾರಿಹೋಗುತ್ತದೆಂದು ಅಜ್ಜಿ ಚಿಕ್ಕಂದಿನಲ್ಲೇ ಹೆದರಿಸಿಟ್ಟಿದ್ದಳು.

ಬೈಲಹೊಂಗಲದ ಬಜಾರಿನಲ್ಲಿ, ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಸಂಜೀವನ ಕಂಪನಿ. ಅಲ್ಲಿ ತಯಾರಾಗುತ್ತಿದ್ದುದು ಸ್ಮಾರ್ಟ್ ಕನ್ನಡಕ. ಹಾಕಿಕೊಂಡರೆ ಮೊಬೈಲಿಗೆ ಬಂದ ಮೆಸೇಜು ಕಣ್ಣೆದುರೇ ಮೂಡುತ್ತದೆ, ಕೈಸನ್ನೆ ಮಾಡಿದರೆ ಉತ್ತರ ಹೋಗುತ್ತದೆ. ದಿನವಿಡೀ ಅದನ್ನು ಹಾಕಿಕೊಂಡು ತಪ್ಪು ಹುಡುಕುವುದು ತ್ರ್ಯಂಬಕನ ಕೆಲಸ. ಎದುರು ಟೇಬಲ್ಲಿನಲ್ಲಿ ಕೂತು ಪ್ರೋಗ್ರಾಮ್ ಬರೆಯುವ ಶರ್ವರಿಯನ್ನು ನೋಡುತ್ತ ಕನಸು ಕಾಣುವುದು ಇನ್ನೊಂದು ಕೆಲಸ. ಅದಕ್ಕೆ ಪಗಾರ ಇರಲಿಲ್ಲ.

ಅಂದು ಬೆಳಿಗ್ಗೆ ಸಂಜೀವ ಇಬ್ಬರಿಗೂ ಒಂದೊಂದು ಹೊಸ ಕನ್ನಡಕ ಕೊಟ್ಟ. "ಚಿಟಿಕಿ ಹೊಡದ್ರ ಎದುರಿಗಿದ್ದ ಮೆಸೇಜಿಗೆ 'ಹೂಂ' ಅಂತ ಉತ್ತರಾ ಹೋಗ್ತದ. ಇವತ್ತ ಸಂಜೀ ತನಕಾ ಹಾಕ್ಕೊಂಡು ನೋಡ್ರಿ."

ಶರ್ವರಿ ಕನ್ನಡಕ ಒರೆಸುತ್ತ ತ್ರ್ಯಂಬಕನ ಹತ್ತಿರ ಬಂದಳು. "ಸವದತ್ತಿಯಿಂದ ನನಗೊಂದು ಸಂಬಂಧ ಬಂದದ. ಇವತ್ತ ಸಂಜಿಗೆ ಅಪ್ಪಗ ಉತ್ತರಾ ಹೇಳಬೇಕು," ಎಂದು ಅವನ ಮುಖ ನೋಡುತ್ತ ನಿಂತಳು.

ಮನಸ್ಸಿನ ಮಾತು ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೇ? ಈ ಪುಣ್ಯಾತ್ಮ "ಹೌದೇನು?" ಎಂದಷ್ಟೇ ಕೇಳಿದ. ಊಟ ಮಾಡಿ, ಧೈರ್ಯ ತಂದುಕೊಂಡು ಹೇಳಿದರಾಯಿತು ಎಂದುಕೊಂಡ.

ಊಟದಲ್ಲಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗಟ್ಟಿ ಮೊಸರು. ಮೇಲೆ ಫ್ಯಾನು, ಮೂಗಿನ ಮೇಲೆ ಹೊಸ ಕನ್ನಡಕ. ಧೈರ್ಯ ಬರಲಿಲ್ಲ, ನಿದ್ದೆ ಬಂತು. ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಹಾಲಿನಂತೆ ಧುಮುಕುತ್ತಿದೆ. ತುಂತುರಿನ ಮಂಜಿನೊಳಗಿಂದ ಶರ್ವರಿ ನಡೆದು ಬರುತ್ತಿದ್ದಾಳೆ. ಅವನು ಹೇಳುತ್ತಿದ್ದಾನೆ, ಅವಳು ಕೇಳುತ್ತಿದ್ದಾಳೆ. ಅಷ್ಟರಲ್ಲಿ ಒಂದು ಆಕಳಿಕೆ, ಒಂದು ಚಿಟಿಕೆ. ಮತ್ತೆ ನೀರು, ಮತ್ತೆ ಶರ್ವರಿ, ಮತ್ತೆ ಆಕಳಿಕೆ, ಮತ್ತೆ ಚಿಟಿಕೆ. ಎಂಥ ಸುಖ!

"ಮ್ಯಾಂವ್!"

ಕಣ್ಣು ಬಿಟ್ಟರೆ ಎದುರಿಗೆ ಪಕ್ಕದ ಮನೆಯ ಕಮಲಾಬಾಯಿ, ಕೈಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಬೆಕ್ಕು. "ನಾ ಕಿತ್ತೂರಿನಿಂದ ಬರೋತನಾ ಇದನ್ನ ಇಟ್ಕೋತೀಯೇನಪಾ ಅಂತ ಮೆಸೇಜಿನ್ಯಾಗ ಕೇಳಿದ್ದೆ. ಪಟ್ಟನೆ 'ಹೂಂ' ಅಂದ್ಯಲಾ, ನಿನ್ನಂಥಾವ್ರು ಯಾರಿದ್ದಾರ!"

"ನಾ ಯಾವಾಗ ಅಂದೆ ಕಮಲಾ ಮಾಂಶಿ?" ಎನ್ನುವಷ್ಟರಲ್ಲಿ ಕಟ್ಟಡದ ಮಾಲೀಕ ನಿಜಗುಣಪ್ಪ ಬಕೆಟ್ಟು, ಬ್ರಷ್ಷು ಹಿಡಿದು ಬಂದ. "ನೀರಿನ ಟಾಕಿ ಯಾರರೆ ತೊಳೀತೀರೇನು ಅಂತ ಗ್ರೂಪಿನ್ಯಾಗ ಹಾಕಿದ್ನಿ. 'ಹೂಂ' ಅಂದಾಂವ ನೀ ಒಬ್ಬನ ನೋಡಪಾ. ಏಳು, ಹೊತ್ತು ಮುಣಗತೈತಿ."

ತ್ರ್ಯಂಬಕನಿಗೆ ಈಗ ಚಿಟಿಕೆಯ ನೆನಪಾಯಿತು. ಇನ್ನು ಯಾರ್ಯಾರಿಗೆ ಹೂಂ ಅಂದಿದ್ದೇನೋ ಎಂದು ಮೊಬೈಲು ತೆಗೆದ. ಶರ್ವರಿಯದೂ ಒಂದು ಮೆಸೇಜಿತ್ತು: "ಸವದತ್ತಿಯವರಿಗೆ ಒಪ್ಪಿಗಿ ಕೊಡ್ಲೇನು?" ಅದರ ಕೆಳಗೆ ಇವನ 'ಹೂಂ'.

ತಲೆ ಎತ್ತಿ ನೋಡಿದ. ಅವಳ ಕುರ್ಚಿ ಖಾಲಿ.

"ಶರ್ವರಿ ಮ್ಯಾಲ ಹೋದ್ಲು," ಎಂದ ಸಂಜೀವ. ತ್ರ್ಯಂಬಕ ಮೆಟ್ಟಿಲು ಹಾರಿ ಹಾರಿ ಹತ್ತಿದ. ಟಾಕಿ ತೊಳೆಯುವ ಹುರುಪು ಎಂದುಕೊಂಡು ನಿಜಗುಣಪ್ಪ ಬಕೆಟ್ಟು ಹಿಡಿದು ಬೆನ್ನು ಹತ್ತಿದ. ಬುಟ್ಟಿ ಕೊಡದೆ ಬಿಡಬಾರದೆಂದು ಕಮಲಾಬಾಯಿ, ಏನೋ ನಡೆದಿದೆ ಎಂದು ಸಂಜೀವ, ಎಲ್ಲರೂ ತಾರಸಿಗೆ ಬಂದರು.

ಶರ್ವರಿ ಕನ್ನಡಕ ಹಾಕಿಕೊಂಡು, ಇಳಿಬಿಸಿಲಿನಲ್ಲಿ ಪಾರಿವಾಳ ನೋಡುತ್ತ ನಿಂತಿದ್ದಳು.

"ಅದು ಹೂಂ ಅಲ್ಲ ಶರ್ವರಿ! ಆಕಳಿಕಿ ಬಂತು, ಚಿಟಿಕಿ ಹೊಡದೆ!"

ಅವಳು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. "ಹಂಗಾರ ನಿನ್ನ ಮನಸಿನ್ಯಾಗ ಏನದ, ಹೇಳು. ನಾ ಅಪ್ಪಗ ಇನ್ನೂ ಏನೂ ಹೇಳಿಲ್ಲ."

ದೇವರು ಕಣ್ಣು ಬಿಟ್ಟ! ತ್ರ್ಯಂಬಕ ಕಣ್ಣು ಮುಚ್ಚಿಕೊಂಡು ಶುರು ಮಾಡಿದ. ಆಫೀಸಿಗೆ ಅವಳು ಬಂದ ಮೊದಲ ದಿನದಿಂದ ಹಿಡಿದು ನವಿಲುತೀರ್ಥಕ್ಕೆ ಬಂದ, ಅಲ್ಲಿಯ ನೀರು ಹೇಳಿದ, ತುಂತುರು ಹೇಳಿದ, ಒಂದೊಂದು ನವಿಲಿನ ಗರಿಯನ್ನೂ ಬಿಡಲಿಲ್ಲ. ಪಾರಿವಾಳಗಳು ಗೂಡಿಗೆ ಹೋದವು. ನಿಜಗುಣಪ್ಪ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕುಳಿತ. ಕೊನೆಗೆ "ನನ್ನ ಮದುವಿ ಆಗ್ತೀಯೇನು?" ಎಂಬಲ್ಲಿಗೆ ಬಂದು ಉಸಿರು ಬಿಗಿಹಿಡಿದ.

ಟಕ್! ಚಿಟಿಕೆ!

ತ್ರ್ಯಂಬಕ ನೆಲದ ಮೇಲಿರಲಿಲ್ಲ. "ಹೂಂ ಅಂದ್ಲು! ಮಾಂಶಿ, ಕೇಳಿದ್ರೇನು, ಹೂಂ ಅಂದ್ಲು!"

ಕಣ್ಣು ಬಿಟ್ಟು ನೋಡಿದರೆ ಶರ್ವರಿಯ ಬಾಯಿ ಇನ್ನೂ ಅರ್ಧ ತೆರೆದೇ ಇತ್ತು. "ಅಯ್ಯ, ಆಕಳಿಕಿ ಬಂತೋ ಮಾರಾಯಾ. ನಿನ್ನ ನೋಡಿ ನೋಡಿ ಆ ಚಟಾ ನನಗೂ ಅಂಟೇದ," ಎನ್ನುತ್ತಿದ್ದವಳು ಕನ್ನಡಕದಲ್ಲಿ ಏನನ್ನೋ ಓದಿ ಕಣ್ಣರಳಿಸಿದಳು. "ಅಪ್ಪನ ಮೆಸೇಜ್ ಬಂದಿತ್ತು. ಸವದತ್ತಿಯವ್ರಿಗೆ ಹೂಂ ಅನ್ನಲೇನವಾ ಅಂತ. ಹೂಂ ಹೋಗೇಬಿಟ್ಟದ."

"ತಪ್ಪಾತು ಅಂತ ಈಗಿಂದೀಗ ಹೇಳು!" ತ್ರ್ಯಂಬಕನ ದನಿ ಅಳುವಂತಾಯಿತು.

ಶರ್ವರಿ ಕನ್ನಡಕ ತೆಗೆದು ಕೈಯಲ್ಲಿ ಹಿಡಿದಳು. ಅವನ ಮುಖವನ್ನೂ, ಮುಳುಗುತ್ತಿದ್ದ ಸೂರ್ಯನನ್ನೂ ನೋಡಿದಳು. ಅವನು ಶುರು ಮಾಡಿದಾಗ ಸೂರ್ಯ ಇನ್ನೂ ಮೇಲಿದ್ದ.

"ಇರ್ಲಿ ಬಿಡು ತ್ರ್ಯಂಬಕ," ಎಂದಳು ಮೆಲ್ಲಗೆ. "ಆ ಹುಡುಗ ಮಾತು ಭಾಳ ಕಡಿಮಿ ಆಡ್ತಾನಂತ."

"ಎರಡೂ ಕನ್ನಡಕ ಒಂದ ಚಿಟಿಕಿನೂ ತಪ್ಪಸಿಲ್ಲ!" ಎಂದು ಸಂಜೀವ, ಮೆಟ್ಟಿಲಿಳಿಯುತ್ತಿದ್ದ ಅವಳ ಹಿಂದೆ ಕುಣಿಯುತ್ತ ಇಳಿದ. ಕಮಲಾಬಾಯಿ ಬುಟ್ಟಿಯನ್ನು ತ್ರ್ಯಂಬಕನ ಕಾಲ ಬಳಿ ಇಟ್ಟಳು. ನಿಜಗುಣಪ್ಪ ಎದ್ದು ಬಕೆಟ್ಟನ್ನು ಅವನ ಮುಂದೆ ಚಾಚಿದ. ಬುಟ್ಟಿಯೊಳಗಿನ ಬೆಕ್ಕು ಬಾಯಿ ಅಗಲಿಸಿ ಆಕಳಿಸಿತು. ತ್ರ್ಯಂಬಕ ಎರಡೂ ಕೈ ಜೇಬಿನಲ್ಲಿ ಹಾಕಿಕೊಂಡ.